ಎಳೆಬಿಸಿಲೆಂಬ ಮಾತು

ಸೂರ್ಯನು ಮೂಡಿ ಒಂದು ಗಂಟೆ ಕಳೆದ ಮೇಲಿನ ಬಿಸಿಲಿಗೂ, ಮುಳುಗುವುದಕ್ಕೆ ಒಂದು ಗಂಟೆ ಮೊದಲಿನ ಬಿಸಿಲಿಗೂ ಓರೆಯಲ್ಲಾಗಲಿ ಹೊಳಪಿನಲ್ಲಾಗಲಿ ಹೇಳಿಕೊಳ್ಳುವಂಥ ಭೇದವಿಲ್ಲ. ಎರಡೂ ಮೈಗೆ ಹಿತ, ಕಣ್ಣಿಗೆ ಹಿತ. ಎರಡರಲ್ಲಿಯೂ ಮನುಷ್ಯನ ನೆರಳು ಅವನಿಗಿಂತ ಮೂರು ನಾಲ್ಕು ಪಾಲು ಉದ್ದವಾಗಿ ನೆಲದ ಮೇಲೆ ಚಾಚಿರುತ್ತದೆ. ಆದರೂ ಕನ್ನಡವನ್ನು ತಾಯಿಯ ಬಾಯಿಂದ ಕಲಿತ ಒಬ್ಬರಾದರೂ ಸಂಜೆಯ ಬಿಸಿಲನ್ನು ಎಳೆಬಿಸಿಲೆಂದು ಕರೆಯುವುದಿಲ್ಲ. ಅದು ಇಳಿಬಿಸಿಲು, ಇಲ್ಲವೆ ಸಂಜೆಬಿಸಿಲು. ಎಷ್ಟೇ ಮೃದುವಾಗಿದ್ದರೂ ಅದಕ್ಕೆ ಎಳೆತನವಿಲ್ಲ. ಈ ಒಂದು ಪರೀಕ್ಷೆಯಿಂದಲೇ ತಿಳಿಯುತ್ತದೆ, ಎಳೆಬಿಸಿಲೆಂಬ ಮಾತು ಬಿಸಿಲಿನ ಕಾವನ್ನು ಅಳೆಯುವ ಮಾತಲ್ಲ, ಅದರ ವಯಸ್ಸನ್ನು ಹೇಳುವ ಮಾತು ಎಂಬುದು. ಕರುವಿಗೆ, ತೆಂಗಿನ ಕಾಯಿಗೆ, ಮಾವಿನ ಚಿಗುರಿಗೆ, ಹಸುಗೂಸಿಗೆ ಯಾವ ವಿಶೇಷಣವನ್ನು ಹಚ್ಚುತ್ತೇವೆಯೋ ಅದನ್ನೇ ನಮ್ಮ ಹಿರಿಯರು ಆಕಾಶದಿಂದ ಬೀಳುವ ಬೆಳಕಿಗೂ ಹಚ್ಚಿದರು. ಹಚ್ಚಿ, ಆ ಬೆಳಕನ್ನು ತಮ್ಮ ಹಟ್ಟಿಯ, ತಮ್ಮ ತೋಟದ, ತಮ್ಮ ತೊಟ್ಟಿಲಿನ ಬಳಗಕ್ಕೆ ಸೇರಿಸಿಕೊಂಡರು.

ಈ ಬಳಗ ದೊಡ್ಡದು. ಎಳಗರು, ಎಳನೀರು, ಎಳಗಾಯಿ, ಎಳನಗೆ, ಬಾಲ್ಯಕ್ಕೆ ಎಳವೆ. ಕರು ಹಾಕಿ ಹೆಚ್ಚು ದಿನವಾಗದ ಹಸುವಿಗೆ ಎಳಗಂದಿ ಎಂಬ ಹಳೆಯ ಚೆಲುವಾದ ಹೆಸರು. ಇವೆಲ್ಲಕ್ಕೂ ಮೂಲವಾದ ‘ಎಳ’ ಎಂಬ ಧಾತುವು ತಮಿಳಿನಲ್ಲಿ ‘ಇಳ’ ಎಂದಿದೆ; ಅಲ್ಲಿ ಇಳವೆಯಿಲ್ ಎಂದರೆ ನಮ್ಮ ಎಳೆಬಿಸಿಲೇ. ತಮಿಳರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಋತುವಿಗೂ ವಯಸ್ಸನ್ನು ಕಟ್ಟಿದ್ದಾರೆ: ಚಿತ್ತಿರೈ ವೈಗಾಸಿಗಳ ಬೇಸಗೆ ಇಳವೇನಿಲ್, ಆನಿ ಆಡಿಗಳ ಬೇಸಗೆ ಮುದುವೇನಿಲ್. ತೆಲುಗಿನಲ್ಲಿ ಅದೇ ಧಾತು ಅಕ್ಷರ ಪಲ್ಲಟವಾಗಿ ‘ಲೇತ’ ಎಂದು ತಿರುಗಿ, ಲೇತ ಎಂಡ ಎಂಬ ಮಾತಾಗಿ ನಿಂತಿದೆ. ಇನ್ನು ‘ಬಿಸಿಲ್’ ಎಂಬ ಉತ್ತರಪದವು ‘ಬಿಸಿ’ಯ ನೆಂಟ, ತಮಿಳಿನ ‘ವೆಯಿಲ್’ಗೆ ಸೋದರ.

ಇಲ್ಲೊಂದು ತೊಡಕನ್ನು ಬಿಡಿಸಬೇಕು. ಎಳೆ ಎಂದರೆ ನೂಲಿನ ಎಳೆಯೂ ಹೌದಷ್ಟೆ. ಹಂಚಿನ ಸಂದಿಯಿಂದ ಬಿಸಿಲುಕೋಲುಗಳು ದಾರದಂತೆ ಇಳಿಯುವುದನ್ನು ಕಂಡವರು, ಎಳೆಎಳೆಯಾಗಿ ಬರುವುದರಿಂದ ಅದು ಎಳೆಬಿಸಿಲಾಯಿತು ಎಂದು ಅರ್ಥ ಹೇಳುವುದುಂಟು. ಕಲ್ಪನೆ ಸೊಗಸಾದದ್ದೇ, ಆದರೆ ನಿಜವಲ್ಲ. ಹಳಗನ್ನಡದಲ್ಲಿ ನೂಲಿನ ಎಳೆಗೂ ಹಗ್ಗವನ್ನು ಎಳೆಯುವುದಕ್ಕೂ ಇದ್ದ ಅಕ್ಷರವು ಈಗ ಬಳಕೆ ತಪ್ಪಿರುವ ‘ೞ’; ಕೋಮಲವೆಂಬ ಅರ್ಥದ ‘ಎಳ’ಕ್ಕೆ ಮೊದಲಿನಿಂದಲೂ ‘ಳ’ಕಾರವೇ. ಎರಡು ಅಕ್ಷರಗಳು ಕಾಲಕ್ರಮದಲ್ಲಿ ಒಂದರಲ್ಲೊಂದು ಕರಗಿಹೋದುದರಿಂದ, ಬೇರೆ ಬೇರೆ ಮನೆಯ ಮಾತುಗಳು ಒಂದೇ ಮುಖವನ್ನು ಧರಿಸಿ ನಮ್ಮೆದುರು ನಿಂತಿವೆ. ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ೞಕಾರವುಳ್ಳ ಶಬ್ದಗಳನ್ನು ಎಣಿಸಿ ಕಾಪಿಡಲು ಅಷ್ಟು ಶ್ರಮಪಟ್ಟುದು, ಕಣ್ಮುಂದೆಯೇ ಆ ಭೇದವು ಜನರ ನಾಲಗೆಯಿಂದ ಜಾರುತ್ತಿದ್ದುದನ್ನು ಕಂಡದ್ದರಿಂದಲೇ ಇರಬೇಕೆಂದು ನನಗೆ ತೋರುತ್ತದೆ.

ಹಳಗನ್ನಡದಲ್ಲಿ ಈ ಸಮಾಸಕ್ಕೆ ಎಳವಿಸಿಲ್ ಎಂಬ ರೂಪ. ಪಕಾರ ಬಕಾರ ಮಕಾರಗಳು ಉತ್ತರಪದದ ಆದಿಯಲ್ಲಿದ್ದಾಗ ವಕಾರವು ಆದೇಶವಾಗಿ ಬರುವ ನಿಯಮವು ವಿದ್ಯಾರ್ಥಿಗಳಿಗೆಲ್ಲ ತಿಳಿದದ್ದು. ಎಳ ಮತ್ತು ಪೆರೆ ಸೇರಿ ಎಳವೆರೆ, ಎಂದರೆ ಎಳೆಯ ಚಂದ್ರ. ಎಳ ಮತ್ತು ಬಳ್ಳಿ ಸೇರಿ ಎಳವಳ್ಳಿ. ತುಟಿಗಳನ್ನು ಮುಚ್ಚಿ ತೆರೆಯುವ ಬಕಾರವು ತುಟಿಗಳನ್ನು ಸೋಕಿಸಿ ಬಿಡುವ ವಕಾರವಾದಾಗ ಶಬ್ದವೇ ಒಂದು ಪಾಲು ಎಳದಾಗುತ್ತದೆ. ಎಳವಿಸಿಲ್ ಎಂದು ಒಮ್ಮೆ ಗಟ್ಟಿಯಾಗಿ ಉಚ್ಚರಿಸಿ ನೋಡಿದರೆ, ಹೊಸಗನ್ನಡವು ಸಂಧಿಯನ್ನು ಕೈಬಿಟ್ಟು ಎಳೆಬಿಸಿಲೆಂದು ಬಿಡಿಸಿ ನುಡಿಯುವುದರಲ್ಲಿ ಏನನ್ನು ಕಳೆದುಕೊಂಡಿತೆಂಬುದು ಕಿವಿಗೆ ಗೊತ್ತಾಗುತ್ತದೆ.

ಕನ್ನಡದಲ್ಲಿ ಬಿಸಿಲಿಗೆ ಹೆಸರುಗಳು ಕಡಿಮೆಯಿಲ್ಲ. ಮಳೆ ನಿಂತ ಮೇಲೆ ಮೋಡದ ಅಂಚಿನಿಂದ ಇಣುಕುವ ಹೂಬಿಸಿಲು ಹಗಲಿನ ಯಾವ ಜಾವದಲ್ಲಾದರೂ ಬರಬಹುದು. ಹೊಂಬಿಸಿಲು ಬಣ್ಣವನ್ನು ನೋಡಿ ಇಟ್ಟ ಹೆಸರು, ಉದಯಕ್ಕೂ ಸಲ್ಲುತ್ತದೆ, ಅಸ್ತಕ್ಕೂ ಸಲ್ಲುತ್ತದೆ. ಸುಡುಬಿಸಿಲು, ಉರಿಬಿಸಿಲು, ಬಿರುಬಿಸಿಲು, ರಣಬಿಸಿಲುಗಳು ನಡುಹಗಲಿನ ಬೇರೆ ಬೇರೆ ಉಗ್ರತೆಗಳು. ಹಪ್ಪಳ ಸಂಡಿಗೆಗಳನ್ನು ಹರಡಿ ಕಾಯುವ ಹೆಂಗಸರಿಗೆ ಎಳೆಬಿಸಿಲಿನಿಂದ ಪ್ರಯೋಜನವಿಲ್ಲ, ಬಿಸಿಲುಮಚ್ಚಿನ ಮೇಲೆ ಕಾಲಿಡಲಾಗದಂಥ ಚುರುಕು ಬಿಸಿಲೇ ಅವರಿಗೆ ಬೇಕು. ಇವುಗಳ ನಡುವೆ ಎಳೆಬಿಸಿಲೊಂದೇ ಬೆಳೆಯುವ ಬಿಸಿಲು. ಕಾಯಿ ಬಲಿಯುವಂತೆ ಬಿಸಿಲೂ ಬಲಿಯುತ್ತದೆ. “ಬಿಸಿಲು ಬಲಿಯುವುದರೊಳಗೆ ಬಂದುಬಿಡು” ಎಂದು ಹೊಲಕ್ಕೆ ಹೊರಟ ಮಗನಿಗೆ ತಾಯಿ ಹೇಳುವಾಗ, ಎಳೆಯದರ ಮುಂದಿನ ಅವಸ್ಥೆಯನ್ನು ಅವಳು ತಪ್ಪದೆ ಹೆಸರಿಸಿರುತ್ತಾಳೆ.

ಸಂಸ್ಕೃತದಲ್ಲಿ ಇದಕ್ಕೆ ಸರಿಯಾದ ಮಾತು ‘ಬಾಲಾತಪ’. ಅಲ್ಲಿಯೂ ಬಿಸಿಲಿಗೆ ವಯಸ್ಸುಂಟು. ಆದರೆ ಆ ಮಾತು ನಡೆದ ದಾರಿಯೇ ಬೇರೆ. ರಘುವಂಶದ ಆರನೆಯ ಸರ್ಗದಲ್ಲಿ, ಇಂದುಮತಿಯ ಸ್ವಯಂವರಕ್ಕೆ ಬಂದ ಪಾಂಡ್ಯರಾಜನು ಕೆಂಪುಗಂಧವನ್ನು ಲೇಪಿಸಿಕೊಂಡು ಹಾರವನ್ನು ಧರಿಸಿರುವುದನ್ನು ಕಾಳಿದಾಸನು, ಬಾಲಾತಪದಿಂದ ಸಾನುಗಳು ಕೆಂಪಾಗಿ ಝರಿಗಳು ಇಳಿಯುತ್ತಿರುವ ಪರ್ವತರಾಜನಿಗೆ ಹೋಲಿಸುತ್ತಾನೆ. ಕವಿಗೆ ಅದು ಬಣ್ಣ. ಸ್ಮೃತಿಕಾರನಿಗಾದರೋ ಅದು ಭಯ: ಮನುಸ್ಮೃತಿಯ ನಾಲ್ಕನೆಯ ಅಧ್ಯಾಯವು ಬಾಲಾತಪವನ್ನು, ಚಿತೆಯ ಹೊಗೆಯನ್ನು, ಮುರಿದ ಆಸನವನ್ನು ಒಂದೇ ಉಸಿರಿನಲ್ಲಿ ವರ್ಜ್ಯವೆಂದು ಹೇಳುತ್ತದೆ. ಇಷ್ಟು ಹಿತವಾದ ವಸ್ತುವು ಚಿತೆಯ ಹೊಗೆಯ ಪಕ್ಕದಲ್ಲಿ ಏಕೆ ನಿಂತಿತೆಂದು ವ್ಯಾಖ್ಯಾನಕಾರರಿಗೂ ಬೆರಗಾಗಿರಬೇಕು. ಕೆಲವರು ಅದನ್ನು ಆಗತಾನೆ ಮೂಡಿದ ಸೂರ್ಯನ ಬಿಸಿಲೆಂದೇ ತಿಳಿದರೆ, ಕೆಲವರು ಕನ್ಯಾರಾಶಿಯಲ್ಲಿರುವ ಸೂರ್ಯನ ಬಿಸಿಲೆಂದು ಅರ್ಥವನ್ನು ಬೇರೆ ಕಡೆಗೆ ತಿರುಗಿಸಿದ್ದಾರೆ. ಮಗುವಿನ ವಿಷಯದಲ್ಲಿ ಶಾಸ್ತ್ರದ ಮಾತು ಇನ್ನೂ ನಿಧಾನದ್ದು: ನಾಲ್ಕನೆಯ ತಿಂಗಳಲ್ಲಿ ನಿಷ್ಕ್ರಮಣ ಸಂಸ್ಕಾರ, ಅಂದು ಶಿಶುವನ್ನು ಮನೆಯಿಂದ ಹೊರಕ್ಕೆ ತಂದು ಸೂರ್ಯದರ್ಶನ ಮಾಡಿಸಬೇಕು ಎಂದು ಗೃಹ್ಯಸೂತ್ರಗಳು ವಿಧಿಸುತ್ತವೆ.

ನಮ್ಮ ಅಜ್ಜಿಯರು ನಾಲ್ಕು ತಿಂಗಳು ಕಾಯಲಿಲ್ಲ.

ನನ್ನ ಬಾಲ್ಯದ ಮನೆಯ ಜಗಲಿ ಪೂರ್ವಕ್ಕೆ ಮುಖ ಮಾಡಿತ್ತು. ಅಂಗಳದ ಆಚೆ ಹುಣಿಸೆಮರ. ಅದರ ನೆತ್ತಿಯನ್ನು ದಾಟಿ ಬಿಸಿಲು ಮೊದಲು ಕಂಬದ ಬೋದಿಗೆಗೆ ತಗುಲಿ, ಕಂಬದ ಉದ್ದಕ್ಕೂ ಇಳಿದು, ಜಗಲಿಯ ಅಂಚಿಗೆ ಬರುವ ಹೊತ್ತಿಗೆ ಸರಿಯಾಗಿ ಅಜ್ಜಿ ಬಾಣಂತಿಯ ಕೋಣೆಯಿಂದ ಮಗುವನ್ನು ಎತ್ತಿಕೊಂಡು ಬರುತ್ತಿದ್ದಳು. ಮೊರದಲ್ಲಿ ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಮಗುವಿನ ಮುಖ ನೆರಳಿಗೂ ಮೈ ಬಿಸಿಲಿಗೂ ಬರುವಂತೆ ಮಲಗಿಸಿ, ಅಂಗೈಗೆ ಎಣ್ಣೆ ಸುರಿದುಕೊಂಡು ತಿಕ್ಕುವಳು: ಮೊದಲು ಅಂಗಾಲು, ಆಮೇಲೆ ಮೊಣಕಾಲಿನ ಮಡಿಕೆ, ತೊಡೆಯ ಸಂದು, ಬೆನ್ನು. ಎಣ್ಣೆ ಮೆತ್ತಿದ ಆ ಪುಟ್ಟ ಬೆನ್ನಿನ ಮೇಲೆ ಬಿಸಿಲು ಜಾರುತ್ತಿರುವಂತೆ ಕಾಣುತ್ತಿತ್ತು. ಮಗು ಹಳದಿಗೆ ತಿರುಗಿದ್ದರೆ ಅವಳು ಇನ್ನಷ್ಟು ಹೊತ್ತು ಬಿಡುವಳು. “ಎಳೆ ಮೈಗೆ ಎಳೆಬಿಸಿಲೇ ಆಗಬೇಕು” ಎಂದು ನನ್ನ ಕಡೆಗೆ ನೋಡದೆಯೇ ಹೇಳುವಳು. ಕಂಬದ ನೆರಳು ಮೊರದ ಅಂಚನ್ನು ಮುಟ್ಟಿದೊಡನೆ ಮಗು ಒಳಗೆ, ಎರೆಯುವುದಕ್ಕೆ ಬಚ್ಚಲಿಗೆ, ಅಲ್ಲಿಂದ ಸಾಂಬ್ರಾಣಿಯ ಹೊಗೆಗೆ. ಆ ಮನೆಯಲ್ಲಿ ಎಳೆಬಿಸಿಲೆಂದರೆ ಹೊತ್ತೂ ಹೌದು, ಔಷಧಿಯೂ ಹೌದು. ಎಷ್ಟು ಪ್ರಮಾಣವೆಂಬುದನ್ನು ಕಂಬದ ನೆರಳು ಹೇಳುತ್ತಿತ್ತು.

ಈ ಹಳದಿಯ ಮಾತಿಗೆ ಸಂಬಂಧಿಸಿದ ಒಂದು ವೃತ್ತಾಂತವನ್ನು ಓದಿದಾಗ ನನಗೆ ಅಜ್ಜಿಯ ಮೊರ ನೆನಪಾಯಿತು. ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ರಾಚ್‌ಫರ್ಡ್ ಎಂಬ ಊರಿನ ಆಸ್ಪತ್ರೆಯಲ್ಲಿ ದಿನ ತುಂಬದೆ ಹುಟ್ಟಿದ ಶಿಶುಗಳ ಆರೈಕೆಯನ್ನು ನೋಡಿಕೊಳ್ಳುತ್ತಿದ್ದ ಸಿಸ್ಟರ್ ವಾರ್ಡ್ ಎಂಬ ದಾದಿಯು, ಬೆಚ್ಚಗಿನ ಕೋಣೆಯ ಗಾಳಿಗಿಂತ ಹೊರಗಿನ ಗಾಳಿ ಬೆಳಕು ಮೇಲೆಂಬ ನಂಬಿಕೆಯಿಂದ, ಬೇಸಗೆಯ ದಿನಗಳಲ್ಲಿ ಶಿಶುಗಳನ್ನು ಅಂಗಳಕ್ಕೆ ಒಯ್ಯುತ್ತಿದ್ದಳು. 1956ರಲ್ಲಿ ಒಂದು ದಿನ ಅವಳು ವೈದ್ಯರಿಗೆ ಒಂದು ಶಿಶುವಿನ ಬತ್ತಲೆ ಮೈಯನ್ನು ತೋರಿಸಿದಳು: ಮೈಯೆಲ್ಲ ಬಿಳಿಚಿಕೊಂಡಿದ್ದು, ಹೊದಿಕೆಯ ಮೂಲೆ ಮುಚ್ಚಿದ್ದ ಒಂದು ತ್ರಿಕೋಣ ಮಾತ್ರ ಅಚ್ಚ ಹಳದಿಯಾಗಿ ಉಳಿದಿತ್ತು. ಕಿಟಕಿಯ ಬಿಸಿಲಿನಲ್ಲಿ ಮರೆತು ಬಿಟ್ಟಿದ್ದ ರಕ್ತದ ನಳಿಗೆಯಲ್ಲಿ ಬಿಲಿರುಬಿನ್ ಎಂಬ ಹಳದಿ ದ್ರವ್ಯವು ಇಳಿದುಹೋಗಿದ್ದುದೂ ಅಲ್ಲಿಯೇ ಕಂಡುಬಂದಿತು. ಆ ಆಸ್ಪತ್ರೆಯ ವೈದ್ಯ ಕ್ರೆಮರ್ ಮತ್ತು ಅವರ ಜೊತೆಗಾರರು ಇದನ್ನು ಪರೀಕ್ಷಿಸಿ 1958ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು; ಇಂದು ಹೆರಿಗೆ ಆಸ್ಪತ್ರೆಗಳಲ್ಲಿ ಕಾಮಾಲೆಯ ಶಿಶುವಿಗೆ ಕಣ್ಣು ಕಟ್ಟಿ ಮಲಗಿಸುವ ನೀಲಿ ಬೆಳಕಿನ ತೊಟ್ಟಿಲು ಈ ತ್ರಿಕೋಣದ ಸಂತತಿ. ಹಾಗೆಂದು ಅಜ್ಜಿಯ ಮೊರವೇ ಸಾಕಾಗುತ್ತಿತ್ತೆಂದು ನಾನು ಹೇಳಲಾರೆ. ಹಳದಿ ಏರಿದ ಶಿಶುವಿಗೆ ವೈದ್ಯರ ಅಳತೆಯ ಬೆಳಕೇ ಬೇಕು. ಮೂಳೆಯನ್ನು ಬಲಪಡಿಸುವ ಡಿ ಜೀವಸತ್ತ್ವವನ್ನು ಚರ್ಮದಲ್ಲಿ ಹುಟ್ಟಿಸುವ ಅತಿನೇರಳೆ ಕಿರಣವು ಓರೆಯಾದ ಎಳೆಬಿಸಿಲಿನಲ್ಲಿ ತೀರ ಅಲ್ಪವೆಂಬುದೂ ನಿಜ. ಆದರೆ ಆ ಜಗಲಿಯ ಮೇಲೆ ಮಗುವಿಗೆ ದೊರೆತದ್ದು ಕಿರಣವೊಂದೇ ಅಲ್ಲವಷ್ಟೆ.

ಎಳೆಬಿಸಿಲು ಏಕೆ ಎಳೆದು ಎಂಬುದಕ್ಕೆ ಭೌತವಿಜ್ಞಾನದ ಉತ್ತರ ಸುಲಭವಾದದ್ದು. ಕ್ಷಿತಿಜದಲ್ಲಿರುವ ಸೂರ್ಯನ ಕಿರಣವು ನೆತ್ತಿಯ ಸೂರ್ಯನ ಕಿರಣಕ್ಕಿಂತ ಸುಮಾರು 38 ಪಾಲು ಹೆಚ್ಚು ಗಾಳಿಯನ್ನು ತೂರಿ ಬರಬೇಕು. 30 ಅಂಶ ಮೇಲೇರಿದರೆ ಎರಡು ಪಾಲು ಮಾತ್ರ. ನಮ್ಮ ನಾಡಿನಲ್ಲಿ ಸೂರ್ಯನು ಹೆಚ್ಚುಕಡಮೆ ನೆಟ್ಟಗೆ ಏರುವುದರಿಂದ ಈ 30 ಅಂಶಕ್ಕೆ ಎರಡು ಗಂಟೆ ಸಾಕು. ರಾಚ್‌ಫರ್ಡಿನಲ್ಲಾದರೋ ಡಿಸೆಂಬರಿನ ನಟ್ಟನಡು ಮಧ್ಯಾಹ್ನದಲ್ಲೂ ಸೂರ್ಯನು ಸುಮಾರು 15 ಅಂಶಕ್ಕಿಂತ ಮೇಲೆ ಹೋಗನು. ನಮ್ಮ ಬೆಳಗ್ಗೆ ಏಳೂವರೆಯ ಬಿಸಿಲು ಅಲ್ಲಿ ಹಗಲಿಡೀ ಇರುತ್ತದೆ. ಅಂಥ ನಾಡಿನಲ್ಲಿ ಮೃದುವಾದ ಬಿಸಿಲು ಒಂದು ಋತು. ಇಲ್ಲಿ ಅದು ಪ್ರತಿದಿನವೂ ಹುಟ್ಟಿ ಪ್ರತಿದಿನವೂ ಕೈಮೀರಿ ಬೆಳೆದುಬಿಡುವ ಒಂದು ವಯಸ್ಸು. ಕಣ್ಣೆದುರಿಗೆ ದೊಡ್ಡದಾಗಿಬಿಡುವುದನ್ನೇ ಅಲ್ಲವೆ ನಾವು ಎಳೆಯದೆಂದು ಕರೆಯುವುದು!

ಕನ್ನಡನಾಡಿನ ಒಳಗೂ ಈ ವಯಸ್ಸು ಒಂದೇ ಅಳತೆಯದಲ್ಲ. ಮಲೆನಾಡಿನಲ್ಲಿ ಮಂಜು ಕರಗುವವರೆಗೆ ಬಿಸಿಲು ಹುಟ್ಟಿರುವುದೇ ತಿಳಿಯದು; ಮಾಗಿಯಲ್ಲಿ ಒಂಬತ್ತು ಗಂಟೆಗೂ ಅಂಗಳದ ಬಿಸಿಲು ಎಳೆಯದಾಗಿಯೇ ಇರುತ್ತದೆ. ಕರಾವಳಿಯ ತುಳುವರಲ್ಲಿ ಬಿಸಿಲಿಗೆ ‘ದೊಂಬು’ ಎಂಬ ಬೇರೆಯೇ ಮಾತು. ಆಟಿ ತಿಂಗಳ ಮಳೆಯ ನಡುವೆ ಮೋಡ ಹರಿದು ಬೀಳುವ ದೊಂಬಿಗೆ ಆನೆಯ ಬೆನ್ನೂ ಒಡೆದೀತೆಂದು ಅವರ ಗಾದೆ. ಆ ಬಿಸಿಲಿಗೆ ಬಾಲ್ಯವೇ ಇಲ್ಲ, ಹುಟ್ಟುತ್ತಲೇ ಬಲಿತಿರುತ್ತದೆ. ರಾಯಚೂರು ಕಲಬುರಗಿಗಳ ಸೀಮೆಯನ್ನು ಬಿಸಿಲುನಾಡೆಂದೇ ಕರೆಯುತ್ತೇವೆ. ಅಲ್ಲಿ ವೈಶಾಖದ ಎಳೆಬಿಸಿಲು ಎತ್ತುಗಳ ಕೊರಳಿಗೆ ನೊಗ ಕಟ್ಟಿ ನಾಲ್ಕು ಸಾಲು ತಿರುಗಿಸುವಷ್ಟರಲ್ಲಿ ಮುಗಿದುಹೋಗುತ್ತದೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಸರಕಾರಿ ಕಚೇರಿಗಳ ವೇಳೆಯನ್ನು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಾಯಿಸುವ ಪದ್ಧತಿಯುಂಟು. ಬೇಸಾಯಗಾರನು ಶತಮಾನಗಳಿಂದ ಮಾಡುತ್ತ ಬಂದ ಲೆಕ್ಕಾಚಾರಕ್ಕೆ ಸರಕಾರವು ಕಡೆಗೆ ತಲೆದೂಗಿದುದು ಸಂತೋಷದ ವಿಷಯ.

ಕಸುಬುಗಳಲ್ಲಿಯೂ ಈ ಹೊತ್ತಿಗೆ ಸ್ಥಾನವಿತ್ತು. ಉಡುಪಿಯ ಕಡೆಯ ಮಲ್ಲಿಗೆ ತೋಟಗಳಲ್ಲಿ ಮೊಗ್ಗು ಬಿಡಿಸುವವರು ಎಳೆಬಿಸಿಲು ಬಲಿಯುವುದರೊಳಗೆ ಬುಟ್ಟಿ ತುಂಬಬೇಕು. ರಾಮನಗರ, ಕನಕಪುರ, ಕೊಳ್ಳೇಗಾಲಗಳ ರೇಷ್ಮೆಯ ಹಳ್ಳಿಗಳಲ್ಲಿ ಹಣ್ಣಾದ ಹುಳುಗಳನ್ನು ಬಿಟ್ಟ ಬಿದಿರಿನ ಚಂದ್ರಿಕೆಗಳನ್ನು ಬೆಳಗ್ಗೆ ಮನೆಯ ಗೋಡೆಗೆ ಒರಗಿಸಿ ಎಳೆಬಿಸಿಲಿಗೆ ತೋರುವುದು ಹಳೆಯ ರೂಢಿ. ಅಲ್ಲಿಯ ಮಾತನ್ನು ಗಮನಿಸಬೇಕು: ಗೂಡು ಕಟ್ಟಲು ಸಿದ್ಧವಾದ ಹುಳುವು ‘ಹಣ್ಣು’, ಅದಕ್ಕೆ ಹಿತವಾದ ಬಿಸಿಲು ‘ಎಳೆದು’. ಒಂದು ಮಾಗಿದೆ, ಇನ್ನೊಂದು ಈಗ ಹುಟ್ಟಿದೆ. ಸಾಕುವವನ ಕಣ್ಣಿನಲ್ಲಿ ಎರಡಕ್ಕೂ ವಯಸ್ಸುಂಟು.

ಇಷ್ಟು ಬಳಕೆಯ ಮಾತಿಗೆ ಶಾಸನಗಳಲ್ಲಿ ಎಡೆಯಿದ್ದಂತೆ ಕಾಣದು. ದಾನಶಾಸನದ ನೆತ್ತಿಯ ಮೇಲೆ ಸೂರ್ಯಚಂದ್ರರನ್ನು ಕೆತ್ತಿ, ಚಂದ್ರಾರ್ಕರಿರುವವರೆಗೆ ಈ ಭೂಮಿ ಸಲ್ಲಲಿ ಎಂದು ಬರೆಸುವವನಿಗೆ ಬೇಕಾದುದು ಅಳಿವಿಲ್ಲದ ಸೂರ್ಯ. ಎರಡು ತಾಸಿನಲ್ಲಿ ಮುಗಿಯುವ ಬಿಸಿಲನ್ನು ಸಾಕ್ಷಿಯಾಗಿ ಯಾರು ಕರೆದಾರು? ಆದರೆ ಶಾಸನ ಬಿಟ್ಟುದನ್ನು ಶಿಲ್ಪಿ ಹಿಡಿದಿದ್ದಾನೆ. ಶೃಂಗೇರಿಯ ವಿದ್ಯಾಶಂಕರ ದೇವಾಲಯದ ಹನ್ನೆರಡು ರಾಶಿಸ್ತಂಭಗಳ ಮೇಲೆ ಆಯಾ ಮಾಸದಲ್ಲಿ ಬೆಳಗಿನ ಬಿಸಿಲು ಕ್ರಮವಾಗಿ ಬೀಳುವುದೆಂದು ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಚಂಪೂಕವಿಗಳಿಗೆ ಅಷ್ಟಾದಶ ವರ್ಣನೆಗಳಲ್ಲಿ ಸೂರ್ಯೋದಯವೂ ಒಂದಾಗಿ ವಿಧಿಸಿದ್ದುದರಿಂದ ಎಳವಿಸಿಲು ಅವರ ಕಾವ್ಯಗಳಲ್ಲಿ ಹರಡಿತು. ಬಹುಮಟ್ಟಿಗೆ ಬಾಲಾತಪದ ಹಾದಿಯಲ್ಲೇ, ಕುಂಕುಮವಾಗಿ, ಚಿಗುರಾಗಿ, ಹವಳವಾಗಿ. ಇಪ್ಪತ್ತನೆಯ ಶತಮಾನದಲ್ಲಿ ಕನ್ನಡ ಸಾಹಿತ್ಯವು ಮತ್ತೆ ಕಣ್ತೆರೆದಾಗ ಆ ಕಾಲಕ್ಕೆ ನವೋದಯವೆಂದೇ ಹೆಸರಾಯಿತು. ಬೇಂದ್ರೆಯವರ ‘ಗರಿ’ಯಲ್ಲಿ ‘ಬೆಳಗು’ ಬಂದಿತು, ಕುವೆಂಪು ಅವರು ಮೈಸೂರಿನ ತಮ್ಮ ಮನೆಯನ್ನು ‘ಉದಯರವಿ’ ಎಂದು ಕರೆದರು. ಬೆಳಗಿನ ಬಿಸಿಲನ್ನು ಅಲಂಕಾರವೆಂದಲ್ಲದೆ ಅನುಭವವೆಂದು ಕವಿಗಳು ಮತ್ತೆ ಕಂಡುಕೊಂಡದ್ದು ಆಗ.

ಆದರೆ ಅದೇ ಕಾಲದಲ್ಲಿಯೇ ಈ ಮಾತಿನ ಇನ್ನೊಂದು ಕೆಲಸ ಕೈತಪ್ಪುತ್ತಿತ್ತು. ಹಿಂದೆ ಎಳೆಬಿಸಿಲೆಂಬುದು ಗಡಿಯಾರದ ಮಾತಾಗಿತ್ತು. ಶಾಸ್ತ್ರಜ್ಞರು ಹಗಲನ್ನು ಐದು ಭಾಗ ಮಾಡಿ ಮೊದಲ ಮೂರು ಮುಹೂರ್ತಗಳನ್ನು ಪ್ರಾತಃಕಾಲವೆಂದೂ, ಹಸುಗಳನ್ನು ಕರೆಯಲು ಕೂಡಿಸುವ ಮುಂದಿನ ಮೂರನ್ನು ಸಂಗವವೆಂದೂ ಕರೆದರೆ, ಹಳ್ಳಿಯವರು ಎಳೆಬಿಸಿಲಿನ ಹೊತ್ತು, ಹೊತ್ತು ಮಾರುದ್ದ ಏರಿದ ಮೇಲೆ, ನೆತ್ತಿಯ ಮೇಲೆ ಬಂದಾಗ ಎಂದು ಗೊತ್ತುಪಡಿಸಿಕೊಳ್ಳುತ್ತಿದ್ದರು. 1906ರ ಜನವರಿ 1ರಿಂದ ಎಂಬತ್ತೆರಡೂವರೆ ಅಂಶದ ರೇಖಾಂಶದ ವೇಳೆಯು ಭಾರತದ ವೇಳೆಯಾಯಿತು. ಅಂದಿನಿಂದ ಮಂಗಳೂರಿನ ಸೂರ್ಯನು ಗಡಿಯಾರಕ್ಕಿಂತ ಅರ್ಧ ಗಂಟೆ ಹಿಂದೆ, ರಾಯಚೂರಿನ ಸೂರ್ಯನು ಇಪ್ಪತ್ತು ನಿಮಿಷ ಹಿಂದೆ. ಶಾಲೆಗೆ, ರೈಲಿಗೆ, ಕಚೇರಿಗೆ ಅಂಕಿಯ ಹೊತ್ತು ಬೇಕಾದಾಗ ಎಳೆಬಿಸಿಲಿನ ಹೊತ್ತಿಗೆ ಬರುತ್ತೇನೆಂದರೆ ಯಾರೂ ಒಪ್ಪಲಾರರು. ಹೊತ್ತಿನ ಕೆಲಸ ಹೋಯಿತು; ಬಾಣಂತನ ಆಸ್ಪತ್ರೆಗೆ ಹೋದ ಮೇಲೆ ಔಷಧಿಯ ಕೆಲಸವೂ ಬಹುಮಟ್ಟಿಗೆ ಹೋಯಿತು; ಉಳಿದದ್ದು ಕವಿತೆಯಲ್ಲಿ, ಮಗುವಿಗೆ ಹೆಸರಿಡುವವರ ಕೋಮಲ ಕಲ್ಪನೆಯಲ್ಲಿ, ಪತ್ರಿಕೆಯ ಚಿತ್ರದ ಕೆಳಗಿನ ಸಾಲಿನಲ್ಲಿ. ಇದು ನನಗೆ ನೋವಿನ ವಿಷಯ. ಕೆಲಸವಿದ್ದ ಮಾತಿಗೆ ಇದ್ದ ಕಸುವು ಬರಿಯ ಚೆಲುವಿಗೆ ನಿಂತ ಮಾತಿಗೆ ಬಾರದು.

ಎಲ್ಲವೂ ಹೋಗಿಲ್ಲವೆಂಬುದಕ್ಕೆ ಸಾಕ್ಷಿ ರಥಸಪ್ತಮಿಯ ಬೆಳಗು. ಮಾಘ ಶುದ್ಧ ಸಪ್ತಮಿಯಂದು ಏಳು ಎಕ್ಕದೆಲೆಗಳನ್ನು ತಲೆ ಭುಜ ಮಂಡಿ ಪಾದಗಳ ಮೇಲಿಟ್ಟುಕೊಂಡು ಮಿಂದವರು, ನಡುಗುತ್ತ ಹೊರಗೆ ಬಂದು ಮೈಯೊಡ್ಡುವುದು ಎಳೆಬಿಸಿಲಿಗೇ. ಅಂದಿನಿಂದ ಬಿಸಿಲು ಬಲಿಯತೊಡಗುತ್ತದೆಂದು ನಂಬಿಕೆ. ಆ ಒಂದು ಮುಂಜಾನೆಯ ಮಟ್ಟಿಗೆ ವರ್ಷದ ಎಳೆತನವೂ ದಿನದ ಎಳೆತನವೂ ಕೂಡಿರುತ್ತವೆ.

ಅಜ್ಜಿಯ ಕೊನೆಯ ವರ್ಷಗಳಲ್ಲಿ ಅವಳ ಕಾಲು ಸೋತಿತ್ತು. ಹುಣಿಸೆಮರದ ನೆತ್ತಿಯನ್ನು ದಾಟಿ ಬಿಸಿಲು ಬೋದಿಗೆಗೆ ತಗುಲಿದೊಡನೆ ನನ್ನ ತಾಯಿ ಅವಳನ್ನು ಕೈಹಿಡಿದು ತಂದು, ಹಿಂದೆ ಮೊರ ಇಡುತ್ತಿದ್ದ ಜಾಗದಲ್ಲಿಯೇ ಕಂಬಳಿ ಹಾಸಿ ಕೂರಿಸುತ್ತಿದ್ದಳು. ಅವಳು ಕಣ್ಣು ಮುಚ್ಚಿ, ಎರಡು ಅಂಗೈಗಳನ್ನೂ ಮೇಲ್ಮೊಗವಾಗಿ ತೊಡೆಯ ಮೇಲಿಟ್ಟುಕೊಂಡು, ಬಿಸಿಲು ಕಾಯಿಸಿಕೊಳ್ಳುತ್ತ ಸುಮ್ಮನೆ ಕೂತಿರುವಳು. ಕಂಬದ ನೆರಳು ಕಂಬಳಿಯ ಅಂಚಿಗೆ ಬಂದಾಗ ಕಣ್ಣು ತೆರೆಯದೆಯೇ ಅವಳಿಗೆ ತಿಳಿಯುತ್ತಿತ್ತು. “ಬಲೀತು, ಒಳಗೆ ಕರಕೊಂಡು ಹೋಗು” ಎನ್ನುವಳು.